ಹೂಂಗುಟ್ಟುವವರು

ಶಿವರುದ್ರಮ್ಮನ ಕಥೆಗೆ ಒಂದೇ ಕಟ್ಟಳೆ: ಕೇಳುವವರು ಹೂಂಗುಟ್ಟಬೇಕು. ಮೊಮ್ಮಗಳು ಲಿಖಿತಾ ತೂಕಡಿಸಿದರೆ ಮಾಡಿನ ಹಲ್ಲಿ ಲೊಚಗುಟ್ಟಿದರೂ ಸಾಕು, “ನೋಡ್ದೇನೇ, ಹಲ್ಲಿ ಹೂಂ ಅಂತು” ಎಂದು ಕಥೆ ಮುಂದಕ್ಕೆ ಸಾಗುತ್ತಿತ್ತು. ಕೊಟ್ಟಿಗೆಯ ಕರು ಕೊರಳ ಗಂಟೆ ಅಲ್ಲಾಡಿಸಿದರೆ ಅದೂ ಹೂಂ.

ಯುಗಾದಿ ಕಳೆದ ಮೇಲೆ ಅಜ್ಜಿಗೆ ಲಕ್ವ ಹೊಡೆಯಿತು. ಈಗ ಬಾಯಿಂದ ಬರುವುದು ಮಾತಲ್ಲ, ಮಗ್ಗುಲಾದ ಬಿಂದಿಗೆಯ ಗುಳುಗುಳು. “ಯಾರಾದ್ರೂ ಮಾತಾಡಿಸ್ತಾ ಇರಿ. ಇಲ್ದಿದ್ರೆ ಇದೂ ನಿಂತೋಗುತ್ತೆ” ಎಂದಿದ್ದರು ಡಾಕ್ಟರು. ಲಿಖಿತಾ ದಿನವೂ ಎದುರಿಗೆ ಕೂರುತ್ತಿದ್ದಳು. ಅಳು ಬರಲಿಲ್ಲ, ಮಾತೂ ಬರಲಿಲ್ಲ. ಕೊಬ್ಬರಿಯಾಗಲೆಂದು ಅಟ್ಟದ ಮೇಲಿಟ್ಟ ತೆಂಗಿನಕಾಯಿಯಂತೆ ಒಳಗಿನ ನೀರೆಲ್ಲ ಇಂಗಿಹೋಗಿತ್ತು. ಅಜ್ಜಿ ಒಂದಿಷ್ಟು ಗೊಣಗಿ, ಅವಳ ಮುಖ ನೋಡಿ, ಸುಮ್ಮನಾಗುತ್ತಿದ್ದಳು. ದಿನದಿನಕ್ಕೆ ಗೊಣಗಾಟ ಕಮ್ಮಿಯಾಗುತ್ತಿತ್ತು.

“ಕಲ್ಲು ಕಣೇ ನೀನು” ಎನ್ನುತ್ತಿದ್ದಳು ಅಮ್ಮ.

ಆದರೂ ಲಿಖಿತಾ ಶೆಟ್ಟಿಕೆರೆಯಲ್ಲಿ ಬಸ್ಸು ಹತ್ತಿ ತಿಪಟೂರಿನ ಕಂಪ್ಯೂಟರ್ ಸೆಂಟರಿಗೆ ಹೋಗಿಬರುವುದು ಮಾತ್ರ ತಪ್ಪಿರಲಿಲ್ಲ. ಅಲ್ಲಿ ಜಾವಾ ಎಂಬ ಕಂಪ್ಯೂಟರ್ ಭಾಷೆ ಹೇಳಿಕೊಡುವವಳು ಟೈಲರ್ ಲಿಯಾಕತ್ ಅಲಿಯವರ ಮಗಳು ಸುಮಯ್ಯ.

“ಇವತ್ತು ಇಂಟರ್‌ಫೇಸು” ಎಂದಳು ಸುಮಯ್ಯ. “ಅಂದ್ರೆ ಮಾತು ಕೊಟ್ಟಂಗೆ, ಒಪ್ಕೊಂಡ ಕ್ಲಾಸು ಅದ್ರಲ್ಲಿರೋ ಕೆಲ್ಸ ಮಾಡ್ಲೇಬೇಕು. ಕ್ಲಾಸ್‌ಗಳು ಒಂದಕ್ಕೊಂದು ನೆಂಟರಲ್ಲ, ಆದ್ರೆ ಮಾಡೋ ಕೆಲ್ಸಕ್ಕೆ ಹೆಸ್ರು ಒಂದೇ. ಪುಸ್ತಕದಲ್ಲಿರೋ ಕಾರು, ಬಸ್ಸಿನ ಉದಾಹರಣೆ ಬ್ಯಾಡ. ನಿಮ್ಮನೇದು ಏನಾರ ಬರೀರಿ.”

ಲಿಖಿತಾ ‘ಹೂಂಗುಟ್ಟು’ ಎಂಬ ಇಂಟರ್‌ಫೇಸ್ ಬರೆದಳು. ಅದರೊಳಗೆ ಮಾಡಬೇಕಾದ ಕೆಲಸ, ಅಂದರೆ ಮೆಥಡ್, ಒಂದೇ: ಹೂಂ. ಹಲ್ಲಿ, ಕರು, ಮೊಮ್ಮಗಳು ಎಂಬ ಮೂರು ಕ್ಲಾಸ್‌ಗಳೂ ಅದನ್ನು ಒಪ್ಪಿಕೊಂಡವೆಂದು ಟೈಪಿಸಿದಳು. ಹಲ್ಲಿಗೆ ಲೊಚ್ ಲೊಚ್, ಕರುವಿಗೆ ಕಿಣಿಕಿಣಿ. ಮೊಮ್ಮಗಳ ಒಳಗೆ ಏನು ಬರೆಯುವುದೆಂದು ತೋಚಲಿಲ್ಲ. ಆ ಕ್ಲಾಸನ್ನೇ ಖಾಲಿ ಬಿಟ್ಟು, ಸರಿಯಿದೆಯೇ ನೋಡಲು ಕಂಪೈಲ್ ಮಾಡಿದಳು. ಎರರ್ ಬಂತು.

ಸುಮಯ್ಯ ಬಗ್ಗಿ ನೋಡಿ ನಕ್ಕಳು. “ಮಾಡ್ತೀನಿ ಅಂತ ಮಾತು ಕೊಟ್ಟು ಒಳಗೆ ಏನೂ ಇಕ್ಕಿಲ್ಲ! ಹಲ್ಲಿಗಿಂತ ಕಡೆಯಾದ್ಲಲ್ಲೇ ನಿನ್ ಮೊಮ್ಮಗಳು!”

“ಅವ್ಳೊಳಗೆ ಏನೂ ಇಲ್ಲ ಮಿಸ್.”

“ಇಲ್ದಿದ್ರೆ ಬುಡು, ಒಂದು ಹೂಂ ಅಂತ ಪ್ರಿಂಟ್ ಮಾಡ್ಸು. ಹೆಂಗೆ ಅಂದ್ಲು, ಯಾಕೆ ಅಂದ್ಲು ಅಂತ ಇಂಟರ್‌ಫೇಸ್ ಕೇಳಲ್ಲ. ಕರೆದಾಗ ಓಗೊಟ್ರೆ ಆಯ್ತು.”

ಸಂಜೆ ಮನೆಗೆ ಬಂದಾಗ ಅಜ್ಜಿ ಗೋಡೆಗೊರಗಿ ಕೂತಿದ್ದಳು. ಲಿಖಿತಾ ಎದುರಿಗೆ ಕೂತಳು. ತುಸು ಹೊತ್ತಿಗೆ ಅಜ್ಜಿಯ ಬಾಯಿ ಗುಳುಗುಳು ಎಂದಿತು, ನಿಂತಿತು. ಅಜ್ಜಿ ಅವಳ ಮುಖ ನೋಡಿದಳು.

“ಹೂಂ” ಎಂದಳು ಲಿಖಿತಾ.

ಒಣಗಿದ ಚಿಪ್ಪು ತಟ್ಟಿದಂಥ ಸದ್ದು. ಅದರ ಹಿಂದೆ ದುಃಖವಿರಲಿಲ್ಲ, ಪ್ರೀತಿ ಇತ್ತೋ ಏನೋ, ಅವಳಿಗೆ ತಿಳಿಯಲಿಲ್ಲ. ಅಜ್ಜಿ ಕೊಂಚ ಮುಂದಕ್ಕೆ ಸರಿದು ಮತ್ತೆ ಶುರುಮಾಡಿದಳು.

ಅಡುಗೆಮನೆಯಿಂದ ಅಮ್ಮ ಇಣುಕಿದಳು. “ಏನಂತಾರೆ? ನಿಂಗೇನಾದ್ರೂ ಅರ್ಥ ಆಯ್ತೇನೇ?”

“ಇಲ್ಲ.”

ಅಜ್ಜಿ ನಿಲ್ಲಿಸಿ ಕಾಯುತ್ತಿದ್ದಳು.

“ಹೂಂ” ಎಂದಳು ಲಿಖಿತಾ.