ಗಾದೆಪ್ಪನ ಎತ್ತು ವಾಪಸ್ ಹೋದ ವರ್ಷ

ಯುಗಾದಿ ಮುಗಿದು ಹೊಲಗಳೆಲ್ಲ ಖಾಲಿ ಬಿದ್ದಾಗ ನಮ್ಮೂರು ಇಟ್ಟಿಗಿಯ ಶಾಲೆಯ ಬಯಲಿನಲ್ಲಿ ಕೃಷಿ ಪ್ರದರ್ಶನ ನಡೆಯುತ್ತಿತ್ತು. ತೊಂಬತ್ತರ ದಶಕದ ಕೊನೆಯ ಮಾತು. ಚಪ್ಪರ ಹಾಕುವವರು, ನೀರು ಹೊರುವವರು, ರೊಟ್ಟಿ ಬಡಿಯುವವರು ಎಲ್ಲರೂ ಊರವರೇ. ಕೂಲಿ ಯಾರಿಗೂ ಇಲ್ಲ. ಎದೆಗೆ ಒಂದು ಹಳದಿ ರಿಬ್ಬನ್ ಚುಚ್ಚಿಕೊಂಡರೆ ಆಯಿತು, ಆವತ್ತು ನಾವೇ ದೊಡ್ಡ ಮನುಷ್ಯರು! ಕಾಳು, ಕಾಯಿಪಲ್ಯ ಜೋಡಿಸುವ ಕೆಲಸ ನನ್ನದು. ಮೊಳಕೈ ಉದ್ದದ ಸಜ್ಜೆ ತೆನೆ, ಎರಡು ಕೈಯಲ್ಲಿ ಎತ್ತಲಾರದ ಕುಂಬಳಕಾಯಿ, ಹಡಗಲಿ ಕಡೆಯ ಮಲ್ಲಿಗೆ ಮೊಗ್ಗಿನ ಬುಟ್ಟಿ. ಆ ವಾಸನೆ ಈಗಲೂ ಮೂಗಿನಲ್ಲಿದೆ.

ಎಲ್ಲಕ್ಕಿಂತ ಹೆಚ್ಚು ಜನ ಸೇರುತ್ತಿದ್ದದ್ದು ಎತ್ತುಗಳ ಹತ್ತಿರ. ಅಲ್ಲಿ ಬಾಗಿಲಲ್ಲಿ ನಿಂತು ದನ ನೋಡಿ ಒಳಗೆ ಬಿಡುವ ಕೆಲಸ ನಮ್ಮೂರಿನ ಗಂಗಾಧರನದು.

ಆ ವರ್ಷ ಹೊಳೆ ದಂಡೆಯ ಊರುಗಳಲ್ಲಿ ದನಗಳಿಗೆ ಕಾಲುಬಾಯಿ ಬೇನೆ ಬಿದ್ದಿತ್ತು. ಅದಕ್ಕೇ ನಾವೆಲ್ಲ ಕೂತು ಒಂದು ನಿಯಮ ಮಾಡಿದೆವು. ಲಸಿಕೆ ಹಾಕಿಸದ ದನಕ್ಕೆ ಒಳಗೆ ಜಾಗವಿಲ್ಲ. ಲಸಿಕೆ ಮೈಗೆ ಹತ್ತಲು ಸಮಯ ಬೇಕು ಎಂದು ಪ್ರದರ್ಶನಕ್ಕೆ ಒಂದು ತಿಂಗಳಿರುವಾಗಲೇ ದನದ ಡಾಕ್ಟರನ್ನು ಕರೆದುಕೊಂಡು ಮನೆಮನೆಗೆ ಹೋದೆವು. ಲಸಿಕೆ ಆದ ದನದ ಕೊಂಬಿಗೆ ಹಸಿರು ಬಣ್ಣ ಹಚ್ಚುತ್ತಾ ಬಂದೆವು.

ಗಾದೆಪ್ಪನ ಮನೆಯಲ್ಲಿ ಮಾತ್ರ ಕೆಲಸ ನಿಂತಿತು. ಅವನ ಜೋಡಿ ಕಿಲಾರಿ ಎತ್ತಿಗೆ ಸುತ್ತಲಿನ ಊರುಗಳಲ್ಲೇ ಹೆಸರಿತ್ತು.

"ಆ ಸೂಜಿ ನಿಮ್ಮ ಹತ್ರನ ಇಟ್ಕೊಳ್ರಿ," ಎಂದ. "ಮಾರಣ್ಣನ ಎಮ್ಮಿಗೆ ಹಾಕಿದ್ರಿ. ಮರುದಿನ ಹಾಲ ಇಳೀಲಿಲ್ಲ."

ಗಂಗಾಧರ ಸುಳ್ಳು ಹೇಳಲಿಲ್ಲ. "ಖರೇ ಐತಿ. ಒಂದೆರಡು ದಿನ ಮೈ ಬಿಸಿ ಆಗತೈತಿ, ಚುಚ್ಚಿದಲ್ಲಿ ಬಾವು ಬರತೈತಿ, ಹಾಲೂ ಕಮ್ಮಿ ಆಗತೈತಿ. ಆಮ್ಯಾಲೆ ತಾನ ಸರಿ ಹೋಗತೈತಿ. ಬ್ಯಾನಿ ಬಂದ್ರ ಹಂಗಲ್ಲಲೇ. ಬಾಯಾಗ ಹುಣ್ಣು, ಗೊರಸಿನಾಗ ಹುಣ್ಣು. ಮೇಯಾಕೂ ಆಗಂಗಿಲ್ಲ, ನಡಿಯಾಕೂ ಆಗಂಗಿಲ್ಲ."

"ನಮ್ಮಪ್ಪ ಹಾಕ್ಸಿಲ್ಲ, ನಮ್ಮಜ್ಜ ಹಾಕ್ಸಿಲ್ಲ. ನನ್ನ ಎತ್ತು ಕಲ್ಲುಗುಂಡು ಇದ್ದಂಗ ಅದಾವ."

ಗಾದೆಪ್ಪನ ಹೆಂಡತಿ ಸುಂಕಮ್ಮ ಬಾಗಿಲ ಹಿಂದೆ ನಿಂತು, "ಎಲ್ಲಾರೂ ಹಾಕ್ಸ್ಯಾರ. ನಮ್ಮ ಆಕಳಿಗೆ, ಕರುವಿಗರ ಹಾಕ್ಸೋಣಲ್ರಿ," ಎಂದಳು. ಗಾದೆಪ್ಪ ತಿರುಗಿ ನೋಡಿದ. ಅವಳು ಒಳಗೆ ಹೋದಳು.

ಪ್ರದರ್ಶನದ ದಿನ ಬಂತು. ಮೈಕಿನಲ್ಲಿ ಊರೂರಿನ ಹೆಸರು ಕೂಗುತ್ತಿದ್ದರು. ಗಾದೆಪ್ಪ ಎತ್ತುಗಳಿಗೆ ಜೂಲು ಹೊದಿಸಿ, ಗೆಜ್ಜೆಸರ ಕಟ್ಟಿ, ತಾನು ತಲೆಗೆ ಪಟಕ ಸುತ್ತಿಕೊಂಡು ಬಂದ. ಎತ್ತಿನ ಕೊಂಬಿನ ಮೇಲೆ ಹಸಿರು ಬಣ್ಣ!

ಗಂಗಾಧರ ಕೊಂಬು ಮುಟ್ಟಿದ. ಬಣ್ಣ ಬೆರಳಿಗೆ ಹತ್ತಿತು. ಇನ್ನೂ ಹಸಿ.

"ಇದನ್ನ ಯಾರು ಹಚ್ಚಿದ್ರಲೇ?"

ಗಾದೆಪ್ಪ ಮೆಲ್ಲಗೆ, "ಹೋಗ್ಲಿ ಬಿಡೋ. ನಾವಿಬ್ರೂ ಒಂದ ಗಂಗಾಳದಾಗ ಉಂಡು ಬೆಳದವರು. ಇದೊಂದ ಸಲ ಒಳಗ ಬಿಡು," ಎಂದ.

"ಒಳಗ ಎಷ್ಟ ಊರಿನ ದನ ಅದಾವ, ನೋಡು. ನನ್ನ ನಂಬಿ ಹೊಡ್ಕೊಂಡು ಬಂದಾರ. ಒಂದಕ್ಕ ಹತ್ತಿದ್ರ ಎಲ್ಲಾಕೂ ಹತ್ತತೈತಿ. ಆಮ್ಯಾಲೆ ಅವರಿಗೆ ನಾ ಏನಂತ ಹೇಳ್ಲಿ? ಎತ್ತು ತಿರುಗ್ಸು ಗಾದೆಪ್ಪ."

ಗಾದೆಪ್ಪನ ಮುಖ ಕಪ್ಪಿಟ್ಟಿತು. "ಇನ್ನ ಮ್ಯಾಲ ನನ್ನ ಮನಿ ಹೊಸ್ತಿಲ ತುಳೀಬ್ಯಾಡ," ಎಂದು ಎತ್ತು ತಿರುಗಿಸಿದ. ಗೆಜ್ಜೆಯ ಸಪ್ಪಳ ದೂರ ಹೋಗುವವರೆಗೂ ಗಂಗಾಧರ ಅತ್ತಲೇ ನೋಡುತ್ತಿದ್ದ. ಆವತ್ತು ಊಟಕ್ಕೆ ಕರೆದರೂ ಬರಲಿಲ್ಲ.

ಪ್ರದರ್ಶನ ಮುಗಿದ ಎರಡನೇ ದಿನ ಸುಂಕಮ್ಮ ನನ್ನನ್ನು ಹುಡುಕಿಕೊಂಡು ನಮ್ಮ ಮನೆಗೆ ಓಡಿ ಬಂದಳು. "ಯಶೋಧಕ್ಕಾ, ಎತ್ತು ಜೊಲ್ಲು ಸುರಸಾಕತ್ತೈತಿ. ಮೇವು ಮುಟ್ಟವಲ್ದು. ಗಂಗಣ್ಣಗ ಹೇಳ್ರಿ. ಇವ್ರು ತಾವಾಗಿ ಕರಿಯಂಗಿಲ್ಲ."

ನಾನು ಹೇಳಿದ ತಕ್ಷಣ ಗಂಗಾಧರ ಚಪ್ಪಲಿ ಮೆಟ್ಟಿ ಹೊರಟ. ಡಾಕ್ಟರೂ ಬಂದರು. ಎತ್ತಿನ ಬಾಯಿ ನೋಡಿ, "ಕಾಲುಬಾಯಿ ಬೇನೆ. ಜೊಲ್ಲು ಕಾಣೋದಕ್ಕೆ ಮೊದಲೇ ಇದು ಒಂದರಿಂದ ಇನ್ನೊಂದಕ್ಕೆ ಹತ್ತುತ್ತೆ. ಪ್ರದರ್ಶನದ ದಿನವೇ ಇದರ ಮೈಯಲ್ಲಿ ಇದ್ದಿರಬೇಕು," ಎಂದರು.

ಗಾದೆಪ್ಪ ಗೋಡೆಗೆ ಒರಗಿ ಕೂತುಬಿಟ್ಟ.

ಅಂದಿನಿಂದ ಗಂಗಾಧರ ದಿನಾ ಬಂದ. ಡಾಕ್ಟರು ಹೇಳಿದಂತೆ ಎತ್ತುಗಳ ಬಾಯಿ, ಗೊರಸು ತೊಳೆಯುತ್ತಿದ್ದ. ನೊಣ ಕೂರದಂತೆ ಬೇವಿನೆಣ್ಣೆ ಹಚ್ಚುತ್ತಿದ್ದ. ಸುಂಕಮ್ಮ ಜೋಳದ ಅಂಬಲಿ ಕುಡಿಸುತ್ತಿದ್ದಳು. ತನ್ನ ಮನೆಯ ದನಗಳಿಗೆ ಲಸಿಕೆ ಆಗಿದ್ದರೂ ಗಂಗಾಧರ ಕೈಕಾಲಿಗೆ ಸೋಪು ಹಚ್ಚಿ ತೊಳೆಯದೆ, ಅಂಗಿ ಬದಲಿಸದೆ ತನ್ನ ಕೊಟ್ಟಿಗೆಗೆ ಹೋಗುತ್ತಿರಲಿಲ್ಲ. ಗಾದೆಪ್ಪನ ಎತ್ತು ಎರಡೂ ಉಳಿದವು. ಕರುವಿಗೂ ಬೇನೆ ಹತ್ತಿತು, ಅದು ಉಳಿಯಲಿಲ್ಲ. ಬೆಳಿಗ್ಗೆ ಮೊಲೆ ಚೀಪುತ್ತಿದ್ದದ್ದು ಹಾಗೇ ಕುಸಿದು ಬಿತ್ತು. ಆಕಳು ಅದನ್ನು ನೆಕ್ಕುತ್ತಲೇ ಇತ್ತು. ಸುಂಕಮ್ಮ ಅಂದು ಒಲೆ ಹಚ್ಚಲಿಲ್ಲ.

ಕರುವನ್ನು ಆಳವಾಗಿ ಹೂತು ಸುಣ್ಣ ಹಾಕಿ ಬರುವಾಗ ಗಾದೆಪ್ಪ ಗೆಳೆಯನ ಕೈ ಹಿಡಿದ. "ಅವತ್ತು ನೀ ಏನರ ಒಳಗ ಬಿಟ್ಟಿದ್ದಿ ಅಂದ್ರ..."

"ಬಿಡಲಿಲ್ಲಲ್ಲ. ನಡಿ," ಎಂದ ಗಂಗಾಧರ.

ಮುಂಗಾರಿಗೆ ಗಾದೆಪ್ಪನ ಎತ್ತುಗಳು ಇನ್ನೂ ಕುಂಟುತ್ತಿದ್ದವು. ಗಂಗಾಧರ ತನ್ನ ಎತ್ತು ಹೊಡೆದುಕೊಂಡು ಹೋಗಿ ಅವನ ಹೊಲ ಬಿತ್ತಿಕೊಟ್ಟ. ಮಧ್ಯಾಹ್ನ ಬದುವಿನ ಮೇಲೆ ಇಬ್ಬರೂ ರೊಟ್ಟಿ, ಶೇಂಗಾ ಚಟ್ನಿ ತಿನ್ನುತ್ತಾ ಜೋರಾಗಿ ನಗುವುದು ನಮ್ಮ ಹೊಲದವರೆಗೂ ಕೇಳಿತು.

ಮುಂದಿನ ಸಲ ಲಸಿಕೆಯವರು ಬಂದಾಗ ನಾವು ಗಾದೆಪ್ಪನನ್ನು ಒತ್ತಾಯ ಮಾಡಬೇಕಾಗಲಿಲ್ಲ. ಅವನೇ ಬೀದಿಯಲ್ಲಿ ಮಾರಣ್ಣನ ಜೊತೆ ಜಗಳಕ್ಕೆ ನಿಂತಿದ್ದ: "ಒಂದ ದಿನದ ಹಾಲಿನ ಮಾತು ನನ್ನ ಮುಂದ ಹೇಳಬ್ಯಾಡ. ಎಮ್ಮಿ ಹಿಡ್ಕೊಂಡು ಬಾ!"

ಈಗ ಆ ಬಯಲಿನಲ್ಲಿ ಶಾಲೆಯ ಹೊಸ ಕೋಣೆಗಳು ಎದ್ದಿವೆ. ಪ್ರದರ್ಶನ ತಾಲ್ಲೂಕಿಗೆ ಹೋಗಿದೆ. ರಿಬ್ಬನ್ ಚುಚ್ಚಿಕೊಂಡು ಓಡಾಡಿದವರಲ್ಲಿ ಎಷ್ಟೋ ಜನ ಇಲ್ಲ. ಕಾಲುಬಾಯಿ ಬೇನೆ ಮಾತ್ರ ಇನ್ನೂ ಹೋಗಿಲ್ಲ.

ಅದಕ್ಕೇ ಅಕ್ಕಂದಿರೇ, ಅಣ್ಣಂದಿರೇ, ಲಸಿಕೆಯವರು ಊರಿಗೆ ಬಂದ ದಿನ ದನಗಳನ್ನು ಮನೆಯಲ್ಲೇ ಕಟ್ಟಿ. ಆರು ತಿಂಗಳಿಗೊಮ್ಮೆ ತಪ್ಪದೆ ಹಾಕಿಸಿ. ನಾಲ್ಕು ತಿಂಗಳು ತುಂಬಿದ ಕರುಗಳನ್ನು ಮರೆಯಬೇಡಿ. ಜೊಲ್ಲು ಸುರಿಸುವ, ಕುಂಟುವ ದನವನ್ನು ಬೇರೆ ಕಟ್ಟಿ, ಡಾಕ್ಟರನ್ನು ಕರೆಯಿರಿ. ಸಂತೆಗಾಗಲಿ, ಪ್ರದರ್ಶನಕ್ಕಾಗಲಿ ಹೊಡೆದುಕೊಂಡು ಹೋಗಬೇಡಿ. ನಿಮ್ಮ ದನಕ್ಕೆ ಆಯಿತು ಎಂದು ಸುಮ್ಮನೆ ಕೂರಬೇಡಿ. ಬೇಲಿಯಾಚೆ ಇಣುಕಿ ಒಂದು ಮಾತು ಕೇಳಿ: "ನಿಮ್ಮವಕ್ಕೂ ಹಾಕ್ಸಿದ್ರೇನ್ರಿ?"