ಬಲ ತಿರುವಿನ ಸದ್ದು

ಗ್ಯಾರೇಜಿನ ಮುಂದೆ ಕಾರು ನಿಲ್ಲಿಸಿದ ಮಗ ಮೊದಲು ಹಿಂದಿನ ಬಾಗಿಲು ತೆಗೆದು ಅಮ್ಮನನ್ನು ಕೈಹಿಡಿದು ಇಳಿಸಿದ. ಕಣ್ಣು ಮಂಜಾದ ಅವಳನ್ನು ಮನೆಯಲ್ಲಿ ಒಬ್ಬಳೇ ಬಿಡುವಂತಿರಲಿಲ್ಲ. ನೆರಳಿನ ಬೆಂಚಿನ ಮೇಲೆ ಕೂರಿಸಿ, ಆಮೇಲೆ ಮೆಕ್ಯಾನಿಕ್‌ಗೆ ಕೀಲಿಕೈ ಕೊಟ್ಟ.

"ಬಲಕ್ಕೆ ತಿರುಗಿಸುವಾಗ ಹಿಂದಿನಿಂದ ಗೊರ್ರ್ ಅನ್ನುತ್ತೆ. ಈಗ ಬರುವಾಗ್ಲೂ ಅಂತು."

ಇಬ್ಬರೂ ಒಂದು ಸುತ್ತು ಹೋಗಿಬಂದರು. ಕಾರು ಬೆಣ್ಣೆಯಿಂದ ಕೂದಲು ತೆಗೆದಂತೆ ಓಡಿತು. ಬೆಳಗ್ಗೆ ಒಮ್ಮೆ ಬಂದಾಗಲೂ ಇದೇ ಕಥೆ. ಜಾಕ್ ಹಾಕಿ ಎತ್ತಿ ಚಕ್ರ ತಿರುಗಿಸಿದ್ದೂ ಆಗಿತ್ತು; ಪಿಟಕ್ಕೆಂದಿರಲಿಲ್ಲ.

"ಕಾರಿಗೇನೂ ಆಗಿಲ್ಲ ಸಾರ್. ನೀವು ಕಿವಿ ಡಾಕ್ಟ್ರಿಗೆ ತೋರಿಸ್ಕೊಳ್ಳಿ," ಎಂದು ಮೆಕ್ಯಾನಿಕ್ ಹಲ್ಲು ಕಿರಿದ.

ಮಗನಿಗೆ ಮೈಯೆಲ್ಲ ಉರಿದುಹೋಯಿತು. ನಾಳೆ ಅಮ್ಮನ ಕಣ್ಣಿನ ಆಪರೇಷನ್. ತಿಂಗಳುಗಟ್ಟಲೆ ಕಾದು ಸಿಕ್ಕ ದಿನ. ತಪ್ಪಿದರೆ ಮತ್ತೆ ಸರದಿಯ ಬಾಲಕ್ಕೆ. ದೂರದ ಆಸ್ಪತ್ರೆ, ನಡುವೆ ನರಪಿಳ್ಳೆಯಿಲ್ಲದ ಹೆದ್ದಾರಿ. ಈ ಕಾರನ್ನು ನಂಬುವುದೋ ಬಿಡುವುದೋ? ಅದನ್ನು ಹೇಳಬೇಕಾದವನಿಗೆ ತಮಾಷೆ!

ಅಮ್ಮನನ್ನು ಹತ್ತಿಸಿಕೊಂಡು ಹೊರಟ. ಮೊದಲ ಬಲ ತಿರುವಿನಲ್ಲೇ ಗೊರ್ರ್!

"ಕೇಳಿಸ್ತೇನಮ್ಮಾ?"

"ಮಂಜಾಗಿರೋದು ಕಣ್ಣು ಕಣೋ, ಕಿವಿಯಲ್ಲ. ನನ್ನ ಕೆಳಗೇ ಯಾರೋ ಗೊರಕೆ ಹೊಡೆದಂಗಿದೆ."

ಹಲ್ಲು ಕಚ್ಚಿಕೊಂಡು ಗ್ಯಾರೇಜಿಗೇ ಮರಳಿದ. ಬಾಗಿಲು ತೆಗೆದು ಕೈಚಾಚಿದ.

"ನಾನಿಳಿಯಲ್ಲ ಹೋಗೋ. ಹತ್ತಿ ಇಳಿದು ಮೊಣಕಾಲು ಪುಡಿಯಾಯ್ತು. ಬೇಕಿದ್ರೆ ನನ್ನ ಸಮೇತ ಓಡಿಸಲಿ."

ಜಪ್ಪಯ್ಯ ಎಂದರೂ ಜಗ್ಗಲಿಲ್ಲ. ಮೆಕ್ಯಾನಿಕ್ ಗೊಣಗುತ್ತ ಸ್ಟೇರಿಂಗ್ ಹಿಡಿದ. ತಿರುವು ಬಂತು. ಗೊರ್ರ್!

"ಬಂತು! ಬಂತು!" ಕಳೆದುಹೋದ ಒಡವೆ ಸಿಕ್ಕಂತೆ ಮಗ ಕೂಗಿಕೊಂಡ.

ಮೆಕ್ಯಾನಿಕ್‌ನ ನಗು ಅಡಗಿತು. "ಅಜ್ಜೀ, ಸ್ವಲ್ಪ ಬಲಗಡೆ ಜರುಗಿ." ಮುಂದಿನ ತಿರುವಿನಲ್ಲಿ ಸದ್ದು ಸಣ್ಣಗಾಯಿತು. "ಈಗ ಎಡಕ್ಕೆ ಬನ್ನಿ." ಮತ್ತೆ ಗೊರ್ರ್.

"ಹಿಂದಿನ ಎಡ ಚಕ್ರದ ಬೇರಿಂಗ್ ಸಾರ್. ಭಾರ ಬಿದ್ರೆ ಮಾತ್ರ ಕೂಗುತ್ತೆ. ಹೆದ್ದಾರೀಲಿ ಬಿಸಿಯಾಗಿ ಚಕ್ರ ಹಿಡ್ಕೊಂಡಿದ್ರೆ ದೇವರೇ ಗತಿ."

"ಬೆಳಗ್ಗೆಯಿಂದ ಬಡ್ಕೋತಿದ್ದೀನಲ್ಲಯ್ಯಾ!"

"ಅಮ್ಮನ್ನ ಬೆಂಚಿಗೆ ಕೂರಿಸಿ ಬರೀ ಕಾರು ಕೊಟ್ರೆ ನಾನೇನ್ಮಾಡ್ಲಿ?"

ಮಗ ಹಣೆ ಚಚ್ಚಿಕೊಂಡ. ಮರ್ಯಾದೆ ಮಾಡಲು ಹೋಗಿ, ಪ್ರತಿ ಸಲವೂ ಕಾರಿನ ರೋಗದ ಗುರುತನ್ನೇ ಇಳಿಸಿ ನೆರಳಿಗೆ ಕೂರಿಸಿದ್ದ.

"ಸಾಮಾನು ತರಿಸಿ ಸಂಜೆಗೆ ಹಾಕಿಕೊಡ್ತೀನಿ," ಎಂದು ಮೆಕ್ಯಾನಿಕ್ ಗ್ಯಾರೇಜಿಗೆ ಮರಳಿ, ಅಮ್ಮನನ್ನು ಬೆಂಚಿಗೆ ಕೂರಿಸಿದ ಮೇಲೆ ಚಕ್ರ ಬಿಚ್ಚತೊಡಗಿದ.

"ಸಂಜೆ ಅಂದ್ರೆ ಸಂಜೇನೇ ತಾನೆ? ನಾಳೆ ಬೆಳಗ್ಗೆ ಹೊರಡ್ಲೇಬೇಕು. ಏನಪ್ಪಾ? ನಿನ್ನನ್ನೇ ಕೇಳ್ತಿರೋದು!"

ಮೆಕ್ಯಾನಿಕ್ ಟಣಟಣ ಎಂದು ಸ್ಪ್ಯಾನರ್ ಆಡಿಸುತ್ತಲೇ ಇದ್ದ.

"ಅವನ ತಲೆ ತಿನ್ನಬೇಡ," ಎಂದಳು ಅಮ್ಮ. "ಕೆಲಸ ಮಾಡ್ಲಿ."