ಒಂದು ಕೈಯ ಚಹಾ

ಜೈಲರ್ ಕೋಣೆಯ ಮೂಲೆಯಲ್ಲಿ ಭರಮು ಚಹಾ ಸೋಸಿದ. ಕಪ್ಪಿನ ಮೇಲೆ ಜಾಳಿಗೆ ಇಟ್ಟು, ಬಲಗೈಯೊಂದರಲ್ಲೇ ಪಾತೇಲಿ ಬಗ್ಗಿಸಿದ. ಎಡಗೈ ಸೊಟ್ಟಗೆ ಕೂಡಿತ್ತು, ಅದನ್ನು ಬೆನ್ನಿಗಿಟ್ಟುಕೊಂಡಿದ್ದ.

ಇನ್ನೊಂದು ರೊಟ್ಟಿ ಕೇಳಿದ್ದಕ್ಕೆ ಜೈಲಿನ ವಾರ್ಡರ್ ಲಾಠಿಯಿಂದ ಮುರಿದ ಕೈ ಅದು. ಆಮೇಲೆ ಬೇರೆ ಕೆಲಸ ಆಗದೆಂದು ಅವನನ್ನು ಚಹಾಕ್ಕೆ ಹಚ್ಚಿದರು. ನಿಪ್ಪಾಣಿಯ ತಂಬಾಕಿನ ವಖಾರಿಯಲ್ಲಿ ಕದ್ದನೆಂಬ ಕೇಸು ಇನ್ನೂ ನಡೆದಿತ್ತು. ಅದರ ನಡುವೆಯೇ ಭರಮು, ಕೈಗೆ ಪರಿಹಾರ ಕೊಡಿಸಿರೆಂದು ಜೈಲಿನವರ ಮೇಲೆ ದಾವೆ ಹಾಕಿದ್ದ. ಕೋರ್ಟು ಪುಕ್ಕಟೆ ವಕೀಲರನ್ನು ಕೊಟ್ಟಿತ್ತು.

ಆ ವಕೀಲರು ಶ್ರೀಪಾಲ. ತಿಂಗಳಿಗೊಮ್ಮೆ ಬಂದು ಜೈಲರ್ ಮುಂದೆ ಕೂತು, 'ಕಕ್ಷಿದಾರನನ್ನು ಕಂಡೆ' ಎಂದು ರಜಿಸ್ಟರಿಗೆ ಸಹಿ ಹಾಕಿ, ಚಹಾ ಕುಡಿದು ಹೋಗುತ್ತಿದ್ದರು. ಚಹಾ ಕೊಡುತ್ತಿದ್ದವನು ಭರಮು.

"ಎರಡೂ ಕೈಲೆ ಕೊಡೋ. ಮನ್ಯಾಗ ಮರ್ಯಾದಿ ಕಲಿಸಿಲ್ಲೇನು?" ವಕೀಲರು ಇವತ್ತೂ ಬೈದರು.

"ಇನ್ನೊಂದು ಕೈ ಕೋರ್ಟಿನ್ಯಾಗ ಐತ್ರಿ."

ವಕೀಲರಿಗೆ ತಿಳಿಯಲಿಲ್ಲ. ಬಾಗಿಲಲ್ಲಿದ್ದ ಅದೇ ವಾರ್ಡರ್‌ಗೆ ತಿಳಿಯಿತು. ಲಾಠಿ ನೆಲಕ್ಕೆ ಕುಟ್ಟಿದ.

"ಆ ಭರಮೂನ ದಾವೆ ಮುಗಿಸಿಬಿಡೂಣ್ರಿ," ವಕೀಲರು ಜೈಲರ್‌ಗೆ ಹೇಳಿದರು. "ಅವಗೇ ಬ್ಯಾಡಾಗೈತಿ. ನಾಳೆ ಜೈಲು ನೋಡಾಕ ಜಡ್ಜ್ ಸಾಹೇಬ್ರು ಬರ್ತಾರಲ್ಲ, ಹೇಳ್ತೀನಿ."

ಬರಾಕಿನಲ್ಲಿ ಭರಮು ಇದನ್ನು ಹೇಳಿದಾಗ ಹನ್ನೊಂದು ಮಂದಿ ಹೊಟ್ಟೆ ಹಿಡಿದು ನಕ್ಕರು. ನಗು ಮುಗಿದ ಮೇಲೆ ಮುಗಳಖೋಡದ ಮುದುಕ ಮಾಯಪ್ಪ ಮೀಸೆ ತಿರುವಿದ.

"ಲೇ ತಮ್ಮಾ, ನಿನ್ನ ವಕೀಲ ನಿನ್ನ ಚಹಾ ಬಲ್ಲ. ನಿನ್ನ ಮಾರಿ ಬಲ್ಲನೇನು?"

"ಕಪ್ಪಿನಿಂದ ಮ್ಯಾಲ ಕಣ್ಣೆತ್ತಿಲ್ಲೋ ಕಾಕಾ."

"ಹಂಗಾರ ನಾಳೆ ಎಲ್ಲಾರೂ ಎಡಗೈ ಬೆನ್ನಿಗಿಡ್ರಿ."

ಮರುದಿನ ಜಡ್ಜ್ ಬಂದರು. ಹನ್ನೆರಡು ಮಂದಿ ಸಾಲಾಗಿ ನಿಂತರು. ಹನ್ನೆರಡು ಎಡಗೈಗಳು ಬೆನ್ನ ಹಿಂದೆ.

"ಕೈ ಮುಂದ ತಗೀರಲೇ," ವಾರ್ಡರ್ ಹಲ್ಲು ಕಚ್ಚಿ ಪಿಸುಗುಟ್ಟಿದ. ಯಾರೂ ತೆಗೆಯಲಿಲ್ಲ.

"ಭರಮೂಗ ಐದು ಸಲ ಭೆಟ್ಟಿ ಆಗೇನ್ರಿ, ಸಾಹೇಬ್ರ," ವಕೀಲರು ರಜಿಸ್ಟರ್ ತೆರೆದು ತಮ್ಮ ಸಹಿಗಳ ಮೇಲೆ ಬೆರಳಿಟ್ಟರು. "ಮನಸ್ಸು ಬಿಚ್ಚಿ ಮಾತಾಡ್ಯಾನ. ದಾವೆ ಬ್ಯಾಡಂತ."

ಜಡ್ಜ್ ಪೆನ್ನಿನ ಟೊಪ್ಪಿಗೆ ತೆಗೆದರು.

ಸಾಲಿನಲ್ಲಿ ಎಲ್ಲರೂ ತಲೆ ತಗ್ಗಿಸಿದ್ದರು. ಭರಮು ತಲೆ ಎತ್ತದೆಯೇ ಕೇಳಿದ:

"ಸಾಹೇಬ್ರ, ಬರಿಯೂದಕ್ಕಿಂತ ಮೊದಲ, ಇವರೊಳಗ ಭರಮು ಯಾರಂತ ವಕೀಲ್ರು ಒಮ್ಮೆ ತೋರಸ್ಲಿರಿ."

ಜೈಲರ್ ಗೋಡೆ ನೋಡಿದ. ವಕೀಲರ ಬೆರಳು ರಜಿಸ್ಟರಿನ ಮೇಲೆಯೇ ಇತ್ತು.